ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ: ಎರಡು ಜೋಡಿ ಹೆಸರುಗಳ ನಡುವೆ ಬಾಳಿದ ನಾಲ್ಕು ದಶಕ

ಸ್ವತಂತ್ರ ಭಾರತದ ಚುನಾವಣಾ ಇತಿಹಾಸದಲ್ಲಿ ಒಂದೇ ಒಂದು ಉಪಚುನಾವಣೆಯಿಂದ ದೇಶದ ಮೂಲೆಮೂಲೆಗೂ ಪರಿಚಿತವಾದ ಕ್ಷೇತ್ರ ಚಿಕ್ಕಮಗಳೂರು. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಅವರನ್ನು ಲೋಕಸಭೆಗೆ ಮರಳಿಸಿದ ಆ ಕ್ಷೇತ್ರ ಇಂದು ಚುನಾವಣಾ ನಕ್ಷೆಯಲ್ಲಿ ಇಲ್ಲ. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ರದ್ದಾಯಿತು. ಹೆಸರಿನ ಅರ್ಧ ಭಾಗ ಮಾತ್ರ 'ಉಡುಪಿ ಚಿಕ್ಕಮಗಳೂರು' ಎಂಬ ಹೊಸ ಕ್ಷೇತ್ರದ ಬಾಲವಾಗಿ ಉಳಿದುಕೊಂಡಿತು.

ಆರಂಭವೂ ಹೀಗೆಯೇ ಇತ್ತು ಎಂಬುದು ಕುತೂಹಲಕರ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಈ ಭಾಗದ ಮತದಾರರು ಮತ ಹಾಕಿದ್ದು 'ಹಾಸನ ಚಿಕ್ಕಮಗಳೂರು' ಎಂಬ ಜಂಟಿ ಕ್ಷೇತ್ರಕ್ಕೆ. ಅಂದು ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪ ಆಯ್ಕೆಯಾಗಿದ್ದರು. ಅಂದರೆ ಮೊದಲು ಹಾಸನದ ಬೆನ್ನಿಗೆ, ಕೊನೆಗೆ ಉಡುಪಿಯ ಬೆನ್ನಿಗೆ. ನಡುವೆ 1967ರಿಂದ 2008ರವರೆಗೆ ಮಾತ್ರ ಚಿಕ್ಕಮಗಳೂರು ತನ್ನದೇ ಹೆಸರಿನಲ್ಲಿ ನಿಂತ ಕ್ಷೇತ್ರ. ಸಕ್ಕರೆಪಟ್ಟಣದ ದೊರೆಯೊಬ್ಬ ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಇದು ಎಂಬ ಐತಿಹ್ಯವಿದೆ. ಚುನಾವಣಾ ನಕ್ಷೆ ಬರೆಯುವವರೂ ಈ ಕಿರಿಯ ಮಗಳನ್ನು ಒಮ್ಮೆ ಆ ಮನೆಗೆ, ಇನ್ನೊಮ್ಮೆ ಈ ಮನೆಗೆ ಕಳುಹಿಸಿದಂತಿದೆ.

ಸ್ವಾತಂತ್ರ್ಯ ಬರುವವರೆಗೆ ಈ ಜಿಲ್ಲೆಗೇ ಚಿಕ್ಕಮಗಳೂರು ಎಂಬ ಹೆಸರಿರಲಿಲ್ಲ. ಅದು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆ. 1947ರಲ್ಲಿ ಹೆಸರು ಬದಲಾಯಿತು. ಘಟ್ಟದ ಕೆಳಗಿನ ಕಾರ್ಕಳ, ಬೆಳ್ತಂಗಡಿಗಳಾದರೋ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಬೇರೆ ಬೇರೆ ಆಡಳಿತದಲ್ಲಿ ಬೆಳೆದ ಈ ಎರಡು ನೆಲಗಳು ಮುಂದೆ ಒಂದೇ ಲೋಕಸಭಾ ಕ್ಷೇತ್ರದಲ್ಲಿ ಕೂಡಬೇಕಾಯಿತು. ಈ ಕ್ಷೇತ್ರದ ಕಥೆ ಅರ್ಥವಾಗಬೇಕಾದರೆ ಈ ಕೂಡಿಕೆಯನ್ನು ಮೊದಲು ಗಮನಿಸಬೇಕು.

ಮೂರು ಬಗೆಯ ನೆಲ, ಒಂದೇ ಕ್ಷೇತ್ರ

1971ರ ಜನಗಣತಿಯನ್ನು ಆಧರಿಸಿ 1976ರಲ್ಲಿ ಮುಗಿದ ಪುನರ್ವಿಂಗಡಣೆಯಂತೆ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿದ್ದವು. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ, ಕಡೂರು ಮತ್ತು ಬೀರೂರು ಎಂಬ ಆರು ಘಟ್ಟದ ಮೇಲಿನವು. ಕಾರ್ಕಳ ಮತ್ತು ಬೆಳ್ತಂಗಡಿ ಎಂಬ ಎರಡು ಘಟ್ಟದ ಕೆಳಗಿನವು.

ಕಡೂರು, ಬೀರೂರುಗಳ ಕಡೆ ಮಳೆ ಕಡಿಮೆ. ತೆಂಗು, ರಾಗಿಯ ಬಯಲುಸೀಮೆ. ಅಲ್ಲಿಂದ ಕೆಲವೇ ಹರದಾರಿ ಪಶ್ಚಿಮಕ್ಕೆ ಬಂದರೆ ಬಾಬಾಬುಡನ್‌ಗಿರಿಯ ತಪ್ಪಲಿನ ಕಾಫಿ ತೋಟಗಳು, ಮೂಡಿಗೆರೆಯ ಏಲಕ್ಕಿ, ಶೃಂಗೇರಿ ಸೀಮೆಯ ಅಡಿಕೆ. ಚಾರ್ಮಾಡಿ ಘಾಟಿ ಇಳಿದರೆ ಬೆಳ್ತಂಗಡಿ. ಕುದುರೆಮುಖದ ಕಡೆಯಿಂದ ಇಳಿದರೆ ಕಾರ್ಕಳ. ಅಲ್ಲಿ ಮನೆಮಾತು ತುಳು, ಜೊತೆಗೆ ಕೊಂಕಣಿ, ಬ್ಯಾರಿ. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದರೆ ಕ್ಷೇತ್ರದ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ನೇರ ಸಂಪರ್ಕವೇ ಕಡಿದುಹೋಗುತ್ತಿತ್ತು. ಕಡೂರಿನ ರೈತ ಬರ ಪರಿಹಾರ ಕೇಳುತ್ತಿದ್ದ ವರ್ಷವೇ ಶೃಂಗೇರಿಯ ಬೆಳೆಗಾರ ಅಡಿಕೆಯ ಕೊಳೆರೋಗಕ್ಕೆ ಪರಿಹಾರ ಕೇಳುವುದುಂಟು. ಇವೆರಡಕ್ಕೂ ದನಿಗೂಡಿಸಬೇಕಾದ ಸಂಸದ ಒಬ್ಬರೇ.

1967ರಲ್ಲಿ ಕ್ಷೇತ್ರದ ಮೊದಲ ಸದಸ್ಯರಾಗಿ ಆಯ್ಕೆಯಾದವರು ಪ್ರಜಾ ಸೋಷಲಿಸ್ಟ್ ಪಕ್ಷದ ಎಂ. ಹುಚ್ಚೇಗೌಡ. ಮಲೆನಾಡಿನಲ್ಲಿ ಸಮಾಜವಾದಿ ಚಿಂತನೆಗೆ ನೆಲೆಯಿದ್ದ ಕಾಲ ಅದು. ಅದೇ ಚುನಾವಣೆಯಲ್ಲಿ ನೆರೆಯ ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಜೆ.ಎಚ್. ಪಟೇಲ್ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿ ಗಮನ ಸೆಳೆದದ್ದನ್ನು ಇಲ್ಲಿ ಸ್ಮರಿಸಬಹುದು. 1971ರಲ್ಲಿ ಇಂದಿರಾ ಅಲೆ ಬೀಸಿತು. ರಾಜ್ಯದ 27 ಸ್ಥಾನಗಳೂ ಅವರ ಕಾಂಗ್ರೆಸ್ಸಿನ ಪಾಲಾದವು. ಚಿಕ್ಕಮಗಳೂರಿನಿಂದ ಗೆದ್ದವರು ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡ.

ತೆರವಾದ ಸ್ಥಾನ

ತುರ್ತು ಪರಿಸ್ಥಿತಿಯ ಬಳಿಕ ನಡೆದ 1977ರ ಚುನಾವಣೆಯಲ್ಲಿ ಕಾಂಗ್ರೆಸ್ ಉತ್ತರ ಭಾರತದಲ್ಲಿ ನೆಲಕಚ್ಚಿತು. ರಾಯಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿ ರಾಜ್ ನಾರಾಯಣ್ ಎದುರು 55 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆದರೆ ಕರ್ನಾಟಕದಲ್ಲಿ 28 ಸ್ಥಾನಗಳ ಪೈಕಿ 26 ಕಾಂಗ್ರೆಸ್ಸಿಗೆ ಬಂದವು. ಚಂದ್ರೇಗೌಡರು ಎರಡನೇ ಬಾರಿ ಗೆದ್ದರು. 1978ರ ಜನವರಿಯಲ್ಲಿ ಕಾಂಗ್ರೆಸ್ ಮತ್ತೆ ಒಡೆಯಿತು. ಇಂದಿರಾ ಬಣ ಕಾಂಗ್ರೆಸ್ (ಐ) ಆಯಿತು. ಮರುತಿಂಗಳೇ ನಡೆದ ವಿಧಾನಸಭಾ ಚುನಾವಣೆಯಲ್ಲಿ ಡಿ. ದೇವರಾಜ ಅರಸು ನೇತೃತ್ವದಲ್ಲಿ ಆ ಬಣ ರಾಜ್ಯದಲ್ಲಿ ಸ್ಪಷ್ಟ ಬಹುಮತ ಪಡೆಯಿತು.

ಇಂದಿರಾ ಅವರು ಸಂಸತ್ತಿಗೆ ಮರಳಲು ಸುರಕ್ಷಿತ ಕ್ಷೇತ್ರವೊಂದು ಬೇಕಿತ್ತು. ಚಂದ್ರೇಗೌಡರು ತಮ್ಮ ಸ್ಥಾನ ಬಿಟ್ಟುಕೊಟ್ಟರು. ರಾಜ್ಯ ರಾಜಕಾರಣಕ್ಕೆ ಬಂದು ಅರಸು ಸಂಪುಟ ಸೇರಿದರು. ಚಿಕ್ಕಮಗಳೂರೇ ಏಕೆ ಎಂಬ ಪ್ರಶ್ನೆಗೆ ಇದು ಒಂದು ಉತ್ತರ: ಬಿಟ್ಟುಕೊಡುವವರು ಇದ್ದರು. ಆದರೆ ಅಷ್ಟೇ ಕಾರಣವಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಗೇಣಿ ಪದ್ಧತಿಯನ್ನು ತೊಡೆದುಹಾಕಿತ್ತು. ಇದರ ಪರಿಣಾಮ ರಾಜ್ಯದಲ್ಲಿ ಅತಿ ಹೆಚ್ಚು ಕಾಣಿಸಿದ್ದು ಚಾಲಗೇಣಿ ವ್ಯವಸ್ಥೆ ಬೇರೂರಿದ್ದ ದಕ್ಷಿಣ ಕನ್ನಡದಲ್ಲಿ. ಕಾರ್ಕಳ, ಬೆಳ್ತಂಗಡಿಗಳ ಗೇಣಿದಾರರು ಭೂನ್ಯಾಯಮಂಡಳಿಗಳ ಮುಂದೆ ಅರ್ಜಿ ಹಿಡಿದು ನಿಂತು ತಾವು ಉಳುತ್ತಿದ್ದ ಹೊಲದ ಒಡೆತನ ಪಡೆಯುತ್ತಿದ್ದ ದಿನಗಳವು. ತುರ್ತು ಪರಿಸ್ಥಿತಿ ದೆಹಲಿಯಲ್ಲಿ ಒಂದು ಅರ್ಥ ಕೊಟ್ಟಿದ್ದರೆ, ಇಲ್ಲಿನ ಒಕ್ಕಲಿಗೆ ಅದೇ ವರ್ಷಗಳು ಬೇರೆಯೇ ಅರ್ಥ ಕೊಟ್ಟಿದ್ದವು. ಘಟ್ಟದ ಮೇಲೆ ಕಾಫಿ ತೋಟದ ಕೂಲಿಕಾರರಲ್ಲಿ, ಅದರಲ್ಲೂ ಮಹಿಳೆಯರಲ್ಲಿ 'ಇಂದ್ರಮ್ಮ' ಎಂಬ ಹೆಸರಿಗೆ ಇದ್ದ ಆಕರ್ಷಣೆ ಬೇರೆ.

ಜನತಾ ಪಕ್ಷ ಕಣಕ್ಕಿಳಿಸಿದ್ದು ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು. ಕಲಬುರಗಿ ಸೀಮೆಯ ಚಿಂಚೋಳಿಯ ಪಾಟೀಲರು ಶುದ್ಧಹಸ್ತರೆಂದು ಹೆಸರಾದವರು. ಆದರೆ ಮಲೆನಾಡಿಗೆ ಅವರೂ ಹೊರಗಿನವರೇ. ಅದಕ್ಕೂ ಮುನ್ನ ವರನಟ ಡಾ. ರಾಜ್‌ಕುಮಾರ್ ಅವರನ್ನು ಇಂದಿರಾ ವಿರುದ್ಧ ನಿಲ್ಲಿಸಲು ಪ್ರಯತ್ನ ನಡೆದಿತ್ತು, ಅವರು ಒಪ್ಪಲಿಲ್ಲ ಎಂಬ ಸಂಗತಿ ನಂತರದ ವರ್ಷಗಳಲ್ಲಿ ಹಲವು ಬಾರಿ ಪ್ರಕಟವಾಗಿದೆ. ಮಂಗಳೂರು ಮೂಲದ ಕೇಂದ್ರ ಸಚಿವ ಜಾರ್ಜ್ ಫರ್ನಾಂಡಿಸ್ ಜನತಾ ಪಕ್ಷದ ಪ್ರಚಾರದ ಮುಂಚೂಣಿಯಲ್ಲಿದ್ದರು. ಇತ್ತ ಕಾಂಗ್ರೆಸ್ ಕಡೆಯಿಂದ, ಒಂದು ಹೆಣ್ಣು ಸಿಂಹಕ್ಕೆ ನೂರು ಮುಸುವಗಳ ಎದುರಾಟ ಎಂಬರ್ಥದ, ಚಿಕ್ಕಮಗಳೂರಿನ ಹೆಸರಿಗೇ ಪ್ರಾಸ ಕೂಡಿಸಿದ ಹಿಂದಿ ಘೋಷಣೆಯೊಂದು ಹುಟ್ಟಿಕೊಂಡಿತು. ಹಿಂದಿ ಬಾರದ ಊರಿನ ಚುನಾವಣೆಗೆ ಹಿಂದಿ ಘೋಷಣೆ! ಅದರ ಗುರಿ ಇಲ್ಲಿನ ಮತದಾರನಿಗಿಂತ ಹೆಚ್ಚಾಗಿ ಉತ್ತರದ ಪತ್ರಿಕಾ ಓದುಗನೇ ಆಗಿದ್ದಿರಬೇಕು. ಹೇಗೂ ಆ ಪ್ರಾಸದಿಂದಲೇ ಊರಿನ ಹೆಸರು ಗಂಗೆಯ ಬಯಲಿನಲ್ಲೂ ಉಳಿಯಿತು.

1978ರ ನವೆಂಬರ್ 5ರಂದು ಮತದಾನ ನಡೆಯಿತು. ಇಂದಿರಾ ಅವರಿಗೆ 2,49,376, ಪಾಟೀಲರಿಗೆ 1,72,043 ಮತ. ಅಂತರ 77,333.

ಸದಸ್ಯರಿಲ್ಲದ ವರ್ಷ

ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಬಲ್ಲರು. ಅದರ ನಂತರ ಚಿಕ್ಕಮಗಳೂರಿಗೆ ಏನಾಯಿತು ಎಂಬುದು ಅಷ್ಟಾಗಿ ಚರ್ಚೆಯಾಗಿಲ್ಲ.

1975ರಲ್ಲಿ ಮಾರುತಿ ಕಂಪನಿಗೆ ಸಂಬಂಧಿಸಿದ ಸಂಸತ್ ಪ್ರಶ್ನೆಯೊಂದಕ್ಕೆ ಉತ್ತರಿಸಲು ಮಾಹಿತಿ ಸಂಗ್ರಹಿಸುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಡ್ಡಿಪಡಿಸಿ, ಕಿರುಕುಳ ಕೊಡಲಾಯಿತು ಎಂಬ ಆರೋಪ ಇಂದಿರಾ ಅವರ ಮೇಲಿತ್ತು. ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ ಅವರನ್ನು ತಪ್ಪಿತಸ್ಥರೆಂದು ಹೇಳಿತು. 1978ರ ಡಿಸೆಂಬರ್ 19ರಂದು ಸದನವು ನಿರ್ಣಯವೊಂದನ್ನು ಅಂಗೀಕರಿಸಿ ಅವರನ್ನು ಸದಸ್ಯತ್ವದಿಂದ ಉಚ್ಚಾಟಿಸಿತು. ಅಧಿವೇಶನ ಮುಗಿಯುವವರೆಗೆ ಸೆರೆವಾಸವನ್ನೂ ವಿಧಿಸಿತು. ಅವರು ತಿಹಾರ್ ಜೈಲಿನಲ್ಲಿ ಒಂದು ವಾರ ಇದ್ದರು. ಮತದಾನದಿಂದ ಉಚ್ಚಾಟನೆಯವರೆಗಿನ ಅವಧಿ ಒಂದೂವರೆ ತಿಂಗಳು.

ಆರೋಪ ನಡೆದದ್ದು ಐದನೇ ಲೋಕಸಭೆಯ ಕಾಲದಲ್ಲಿ, ಶಿಕ್ಷೆ ಕೊಟ್ಟದ್ದು ಆರನೇ ಲೋಕಸಭೆ. ಒಂದು ಸದನಕ್ಕೆ ಆದ ಅಗೌರವಕ್ಕೆ ಇನ್ನೊಂದು ಸದನ ದಂಡಿಸಬಹುದೇ ಎಂಬುದು ಅಂದಿನ ದೊಡ್ಡ ವಾದವಾಗಿತ್ತು. ಮತದಾರರ ಕಡೆಯಿಂದ ನೋಡಿದರೆ ಇದಕ್ಕಿಂತ ದೊಡ್ಡ ಪ್ರಶ್ನೆಯಿದೆ. ಆರೋಪಗಳೆಲ್ಲ ಬಹಿರಂಗವಾಗಿದ್ದಾಗಲೇ ಅವರನ್ನು ಆರಿಸಿದ್ದ ಎರಡೂವರೆ ಲಕ್ಷ ಮತಗಳಿಗೆ ಬೆಲೆ ಏನು? ಉಚ್ಚಾಟಿತರು ಮತ್ತೆ ಸ್ಪರ್ಧಿಸುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಆದರೆ ಚಿಕ್ಕಮಗಳೂರಿಗೆ ಮುಂದಿನ ಸದಸ್ಯರು ಸಿಕ್ಕಿದ್ದು 1980ರ ಜನವರಿಯ ಸಾರ್ವತ್ರಿಕ ಚುನಾವಣೆಯಲ್ಲಿ. ದೇಶದ ಅತ್ಯಂತ ಪ್ರಸಿದ್ಧ ಕ್ಷೇತ್ರಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಲೋಕಸಭೆಯಲ್ಲಿ ದನಿಯೇ ಇರಲಿಲ್ಲ.

ಉಚ್ಚಾಟನೆಯ ನಿರ್ಣಯವನ್ನು ಏಳನೇ ಲೋಕಸಭೆ 1981ರ ಮೇ 7ರಂದು ರದ್ದುಗೊಳಿಸಿತು. ಅಷ್ಟರಲ್ಲಿ ಇಂದಿರಾ ಪ್ರಧಾನಿಯಾಗಿ ಮರಳಿ ಒಂದು ವರ್ಷ ಕಳೆದಿತ್ತು. ಕಾಗದದ ಮೇಲಿನ ಕಳಂಕ ಅಳಿಯಿತು, ಕ್ಷೇತ್ರ ಕಳೆದುಕೊಂಡ ಅವಧಿ ಮರಳಿ ಬರುವಂಥದ್ದಲ್ಲ. ಸದಸ್ಯರನ್ನು ಉಚ್ಚಾಟಿಸುವ ಅಧಿಕಾರ ಸದನಕ್ಕೆ ಇದೆ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ, ಪ್ರಶ್ನೆಗಾಗಿ ಲಂಚ ಹಗರಣದ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2023ರ ಡಿಸೆಂಬರ್‌ನಲ್ಲಿ ಮಹುವಾ ಮೊಯಿತ್ರಾ ಉಚ್ಚಾಟನೆಯಾದಾಗಲೂ ಚಿಕ್ಕಮಗಳೂರಿನ ಹೆಸರು ಚರ್ಚೆಗಳಲ್ಲಿ ಮತ್ತೆ ತೇಲಿಬಂತು.

ಇಂದಿರಾ ಅವರಾದರೂ ತಮ್ಮನ್ನು ಕೈಹಿಡಿದ ಕ್ಷೇತ್ರಕ್ಕೆ ಹಿಂದಿರುಗಲಿಲ್ಲ. 1979ರ ಮಧ್ಯಭಾಗದಲ್ಲಿ ಅರಸು ಅವರೊಂದಿಗಿನ ಸಂಬಂಧ ಮುರಿದಿತ್ತು. 1980ರಲ್ಲಿ ಅವರು ರಾಯಬರೇಲಿ ಮತ್ತು ಆಂಧ್ರದ ಮೇದಕ್‌ಗಳಿಂದ ಸ್ಪರ್ಧಿಸಿ ಎರಡರಲ್ಲೂ ಗೆದ್ದು ಮೇದಕ್ ಉಳಿಸಿಕೊಂಡರು. ಕರ್ನಾಟಕ ಮಾತ್ರ 28ರಲ್ಲಿ 27 ಸ್ಥಾನಗಳನ್ನು ಅವರ ಪಕ್ಷಕ್ಕೆ ಕೊಟ್ಟಿತು. ಇನ್ನೂ ಸ್ವಾರಸ್ಯವೆಂದರೆ, ಅವರೆದುರು ಸೋತಿದ್ದ ವೀರೇಂದ್ರ ಪಾಟೀಲರು ಅದೇ ಚುನಾವಣೆಯಲ್ಲಿ ಕಾಂಗ್ರೆಸ್ (ಐ) ಅಭ್ಯರ್ಥಿಯಾಗಿ ಬಾಗಲಕೋಟೆಯಿಂದ ಗೆದ್ದು ಇಂದಿರಾ ಸಂಪುಟದಲ್ಲೇ ಸಚಿವರಾದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ಕಾಂಗ್ರೆಸ್ಸಿನಿಂದ ದೂರ ಸರಿದು, ಜನತಾ ಆಡಳಿತದಲ್ಲಿ 1983ರಲ್ಲಿ ವಿಧಾನಸಭಾಧ್ಯಕ್ಷರಾದರು, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಕಾನೂನು ಸಚಿವರಾದರು. 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರದ ಸಂಸದರಾದರು. ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ನಾಲ್ಕನ್ನೂ ಕಂಡ ವಿರಳ ರಾಜಕಾರಣಿ ಅವರು. 2023ರ ನವೆಂಬರ್ 7ರಂದು ದಾರದಹಳ್ಳಿಯಲ್ಲಿ ನಿಧನರಾದರು.

ಸುರಕ್ಷಿತ ಸ್ಥಾನ ಹುಡುಕಿ ಕರ್ನಾಟಕಕ್ಕೆ ಬರುವ ರೂಢಿ 1999ರಲ್ಲಿ ಬಳ್ಳಾರಿಯಲ್ಲಿ ಮರುಕಳಿಸಿತು. ಸುಷ್ಮಾ ಸ್ವರಾಜ್ ವಿರುದ್ಧ ಗೆದ್ದ ಸೋನಿಯಾ ಗಾಂಧಿ ಅಮೇಠಿ ಉಳಿಸಿಕೊಂಡು ಬಳ್ಳಾರಿಯನ್ನು ತೆರವು ಮಾಡಿದರು.

ಮತ್ತೆ ಮಾಮೂಲು ಕ್ಷೇತ್ರ

1980ರಲ್ಲಿ ಡಿ.ಎಂ. ಪುಟ್ಟೇಗೌಡ, 1984ರಲ್ಲಿ ಡಿ.ಕೆ. ತಾರಾದೇವಿ, 1989ರಲ್ಲಿ ಮತ್ತೆ ಪುಟ್ಟೇಗೌಡ, 1991ರಲ್ಲಿ ಮತ್ತೆ ತಾರಾದೇವಿ. ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಕಾಂಗ್ರೆಸ್ಸಿನ ಈ ಇಬ್ಬರ ನಡುವೆಯೇ ಕ್ಷೇತ್ರ ಕೈ ಬದಲಾಯಿಸಿತು. ತಾರಾದೇವಿ ಪಿ.ವಿ. ನರಸಿಂಹ ರಾವ್ ಸರ್ಕಾರದಲ್ಲಿ ಸಚಿವೆಯೂ ಆದರು. ಇಬ್ಬರು ಮಹಿಳೆಯರನ್ನು ಲೋಕಸಭೆಗೆ ಕಳುಹಿಸಿದ ಶ್ರೇಯ ಚಿಕ್ಕಮಗಳೂರಿಗಿದೆ. ರಾಜ್ಯದಲ್ಲಿ ಇಂಥ ಕ್ಷೇತ್ರಗಳು ಹೆಚ್ಚಿಲ್ಲ.

1996ರಲ್ಲಿ ಜನತಾದಳದ ಬಿ.ಎಲ್. ಶಂಕರ್ ಗೆದ್ದರು. 1998ರಲ್ಲಿ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ ಆಯ್ಕೆಯಾಗಿ, 1999 ಮತ್ತು 2004ರಲ್ಲೂ ಸ್ಥಾನ ಉಳಿಸಿಕೊಂಡರು. ಕರಾವಳಿಯಲ್ಲಿ ಬಿಜೆಪಿ ಆಗಲೇ ಬೇರುಬಿಟ್ಟಿತ್ತು. ಘಟ್ಟದ ಮೇಲೆ ಬಾಬಾಬುಡನ್‌ಗಿರಿ ದತ್ತಪೀಠದ ವಿವಾದ ಆ ವರ್ಷಗಳಲ್ಲಿ ಜಿಲ್ಲೆಯ ರಾಜಕೀಯ ಮಾತುಕತೆಯನ್ನೇ ಬದಲಿಸಿತು. ಅರಸು ಕಾಲದ ಭೂಸುಧಾರಣೆಯ ಋಣ ಒಂದು ತಲೆಮಾರಿನೊಳಗೆ ತೀರಿತ್ತು ಎನ್ನಬಹುದು.

ಜಿಲ್ಲಾ ಕೇಂದ್ರಕ್ಕೆ ರೈಲು ಬೇಕೆಂಬುದು ಈ ಎಲ್ಲ ಚುನಾವಣೆಗಳ ಖಾಯಂ ಭರವಸೆಯಾಗಿತ್ತು. ಕಡೂರು, ಬೀರೂರುಗಳಲ್ಲಿ ನಿಲ್ದಾಣವಿದ್ದರೂ ಚಿಕ್ಕಮಗಳೂರು ಪಟ್ಟಣಕ್ಕೆ ಹಳಿ ಇರಲಿಲ್ಲ. 1990ರ ದಶಕದಲ್ಲಿ ಮಂಜೂರಾದ ಕಡೂರು-ಚಿಕ್ಕಮಗಳೂರು ಮಾರ್ಗದಲ್ಲಿ ರೈಲು ಓಡಿದ್ದು 2013ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಮಾರ್ಗದ ಒಂದು ತುದಿ ಒಂದು ಲೋಕಸಭಾ ಕ್ಷೇತ್ರದಲ್ಲೂ ಇನ್ನೊಂದು ತುದಿ ಬೇರೊಂದು ಕ್ಷೇತ್ರದಲ್ಲೂ ಇದ್ದವು.

ಎಂಟರ ಲೆಕ್ಕ

ಕ್ಷೇತ್ರ ಏಕೆ ರದ್ದಾಯಿತು? ಉತ್ತರ ಸರಳ ಗಣಿತದಲ್ಲಿದೆ. ರಾಜ್ಯದಲ್ಲಿ 224 ವಿಧಾನಸಭಾ ಕ್ಷೇತ್ರಗಳು, 28 ಲೋಕಸಭಾ ಕ್ಷೇತ್ರಗಳು, ಒಂದಕ್ಕೆ ಎಂಟು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಒಟ್ಟು ಸಂಖ್ಯೆಯನ್ನು ಮುಟ್ಟುವಂತಿರಲಿಲ್ಲ. 2001ರ ಜನಗಣತಿಯಂತೆ ಸ್ಥಾನಗಳನ್ನು ಜಿಲ್ಲೆಗಳಿಗೆ ಮರುಹಂಚುವುದಷ್ಟೇ ಅದರ ಕೆಲಸ. ಬೆಂಗಳೂರು ನಗರ ಜಿಲ್ಲೆಯ ವಿಧಾನಸಭಾ ಸ್ಥಾನಗಳು 28ಕ್ಕೇರಿದವು. ಆ ಏರಿಕೆಗೆ ಬೇರೆಡೆ ಇಳಿಕೆ ಆಗಲೇಬೇಕು.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಬೀರೂರು ರದ್ದಾಗಿ ಆರು ಸ್ಥಾನಗಳು ಐದಾದವು. ಕರಾವಳಿಯಲ್ಲಿ ಬ್ರಹ್ಮಾವರ, ವಿಟ್ಲ ಹೋಗಿ ಹದಿನೈದು ಹದಿಮೂರಾದವು: ದಕ್ಷಿಣ ಕನ್ನಡಕ್ಕೆ ಎಂಟು, ಉಡುಪಿಗೆ ಐದು. ದಕ್ಷಿಣ ಕನ್ನಡದ ಎಂಟು ತಾವೇ ಒಂದು ಲೋಕಸಭಾ ಕ್ಷೇತ್ರವಾದವು. ಬೆಳ್ತಂಗಡಿ ಅಲ್ಲಿಗೆ ಸೇರಿತು. ಹಾಸನದಲ್ಲಿ ಏಳು, ಶಿವಮೊಗ್ಗದಲ್ಲಿ ಏಳು. ಎರಡಕ್ಕೂ ಒಂದೊಂದು ಕೊರತೆ. ಉಡುಪಿಯ ಐದು, ಚಿಕ್ಕಮಗಳೂರಿನ ಐದು ಸೇರಿ ಹತ್ತು, ಎರಡು ಹೆಚ್ಚು. ಕಡೂರನ್ನು ಹಾಸನಕ್ಕೂ ಬೈಂದೂರನ್ನು ಶಿವಮೊಗ್ಗಕ್ಕೂ ಕೊಟ್ಟರೆ ಎಲ್ಲೆಡೆ ಎಂಟರ ಲೆಕ್ಕ ಸರಿಹೋಯಿತು. ಕಡಲತೀರದ ಬೈಂದೂರಿನವರು ಘಟ್ಟದ ಮೇಲಿನ ಶಿವಮೊಗ್ಗಕ್ಕೆ ಮತ ಹಾಕುವುದು ಈ ಲೆಕ್ಕದ ಫಲ. ಒಂದು ಕಾಲದಲ್ಲಿ ಇಡೀ ಜಿಲ್ಲೆಗೇ ಹೆಸರು ಕೊಟ್ಟಿದ್ದ ಕಡೂರು, ಜಿಲ್ಲೆಯ ಹೆಸರಿರುವ ಲೋಕಸಭಾ ಕ್ಷೇತ್ರದಿಂದ ಹೊರಬಿದ್ದದ್ದೂ ಇದರ ಫಲವೇ. ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಮತ್ತು ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಸೇರಿ ಉಡುಪಿ ಚಿಕ್ಕಮಗಳೂರು ಆಯಿತು.

ಚಿಕ್ಕಮಗಳೂರು ಒಂಟಿಯಾಗಿ ಹೋಗಲಿಲ್ಲ. ಕನಕಪುರ, ಉಡುಪಿ, ಮಂಗಳೂರು, ಧಾರವಾಡ ಉತ್ತರ, ಧಾರವಾಡ ದಕ್ಷಿಣ ಎಂಬ ಹೆಸರುಗಳೂ ಅದೇ ಆದೇಶದಲ್ಲಿ ಕಣ್ಮರೆಯಾದವು. 2008ರ ಮೇ ತಿಂಗಳ ವಿಧಾನಸಭಾ ಚುನಾವಣೆ ಹೊಸ ನಕ್ಷೆಯಂತೆ ದೇಶದಲ್ಲೇ ಮೊದಲು ನಡೆದದ್ದು. ಲೋಕಸಭೆಗೆ ಅದು ಅನ್ವಯವಾದದ್ದು 2009ರಲ್ಲಿ.

ಹಳೆಯ ಕ್ಷೇತ್ರದಲ್ಲಿ ಘಟ್ಟದ ಮೇಲಿನ ಆರು, ಕೆಳಗಿನ ಎರಡು. ಹೀಗಾಗಿ ಇಂದಿರಾ ಅವರೊಬ್ಬರನ್ನು ಬಿಟ್ಟರೆ 1977ರಿಂದ ಗೆದ್ದವರೆಲ್ಲ ಘಟ್ಟದ ಮೇಲಿನವರೇ. ಕಾರ್ಕಳ, ಬೆಳ್ತಂಗಡಿಯ ಮತದಾರರಿಗೆ ತಮ್ಮ ಕಡೆಯ ಸಂಸದರೊಬ್ಬರು ಸಿಗಲೇ ಇಲ್ಲ. ಹೊಸ ಕ್ಷೇತ್ರದಲ್ಲಿ ಇದು ತಿರುಗುಮುರುಗಾಯಿತು. ಲೆಕ್ಕಕ್ಕೆ ನಾಲ್ಕು-ನಾಲ್ಕು, ಆದರೆ 2009ರಲ್ಲಿ ಗೆದ್ದ ಡಿ.ವಿ. ಸದಾನಂದ ಗೌಡ, ಅವರು ಮುಖ್ಯಮಂತ್ರಿಯಾಗಿ ಸ್ಥಾನ ತೆರವು ಮಾಡಿದಾಗ 2012ರ ಉಪಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆ, 2014 ಮತ್ತು 2019ರಲ್ಲಿ ಗೆದ್ದ ಶೋಭಾ ಕರಂದ್ಲಾಜೆ, 2024ರಲ್ಲಿ ಗೆದ್ದ ಕೋಟ ಶ್ರೀನಿವಾಸ ಪೂಜಾರಿ, ಇವರೆಲ್ಲರೂ ಕರಾವಳಿ ಮೂಲದವರು. 2024ರಲ್ಲಂತೂ ಎರಡು ಪ್ರಮುಖ ಪಕ್ಷಗಳ ಅಭ್ಯರ್ಥಿಗಳೂ ಉಡುಪಿ ಜಿಲ್ಲೆಯವರು.

ಎರಡು ಭಾಗಗಳ ಮನಸ್ಸು ಒಂದೇ ಆಗಿದ್ದರೆ ಇದು ದೊಡ್ಡ ಮಾತಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಉಡುಪಿ ಜಿಲ್ಲೆಯ ಐದೂ ಸ್ಥಾನಗಳನ್ನು ಬಿಜೆಪಿ ಗೆದ್ದಿತು. ಚಿಕ್ಕಮಗಳೂರು ಜಿಲ್ಲೆಯ ಐದನ್ನೂ ಕಾಂಗ್ರೆಸ್ ಗೆದ್ದಿತು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಜಯಿಸಿತು. ಕಾಫಿ, ಅಡಿಕೆ, ಆನೆ ಹಾವಳಿ, ಅರಣ್ಯ ಒತ್ತುವರಿಯಂಥ ಮಲೆನಾಡಿನ ಪ್ರಶ್ನೆಗಳು ಮೀನುಗಾರಿಕೆ, ಬಂದರುಗಳ ಪ್ರಶ್ನೆಗಳೊಂದಿಗೆ ಒಬ್ಬರದೇ ಸಮಯಕ್ಕಾಗಿ ಪೈಪೋಟಿ ನಡೆಸಬೇಕಾಗಿದೆ.

ಮುಂದಿನ ಲೆಕ್ಕ ಹೇಗಿರಬಹುದು? 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. 2011ರಲ್ಲಿ 11,37,961. ರಾಜ್ಯದಲ್ಲಿ ಆ ದಶಕದಲ್ಲಿ ಜನಸಂಖ್ಯೆ ಏರುವ ಬದಲು ಇಳಿದ ಜಿಲ್ಲೆ ಇದು. ಹಳ್ಳಿಗಳ ಯುವಕರು ಬೆಂಗಳೂರು ಸೇರುತ್ತಿರುವುದು ಇದಕ್ಕೊಂದು ಕಾರಣ. ಅವರ ಮತ ಎಣಿಕೆಯಾಗುವುದೂ, ಅವರ ಹೆಸರಿನಲ್ಲಿ ಸ್ಥಾನ ಹೆಚ್ಚುವುದೂ ಅಲ್ಲಿಯೇ. 1976ರಿಂದ ಸ್ಥಗಿತವಾಗಿದ್ದ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಹಾಗೆಯೇ ಇಡಬೇಕೆಂದು ಸಂವಿಧಾನದ 84ನೇ ತಿದ್ದುಪಡಿ 2001ರಲ್ಲಿ ವಿಧಿಸಿತ್ತು. 2027ರ ಮಾರ್ಚ್ 1ನ್ನು ಗಣತಿಯ ದಿನಾಂಕವಾಗಿ ನಿಗದಿಪಡಿಸಿದ ಅಧಿಸೂಚನೆ 2025ರ ಜೂನ್‌ನಲ್ಲಿ ಹೊರಬಿದ್ದಿದೆ. ದಕ್ಷಿಣದ ರಾಜ್ಯಗಳು ಉತ್ತರದ ಮುಂದೆ ಸ್ಥಾನ ಕಳೆದುಕೊಳ್ಳುವ ಆತಂಕ ಈಗ ಎಲ್ಲೆಡೆ ಕೇಳಿಬರುತ್ತಿದೆ. ರಾಜ್ಯದೊಳಗೆ ಮಲೆನಾಡು ಬೆಂಗಳೂರಿನ ಮುಂದೆ ಕಳೆದುಕೊಳ್ಳುವುದರ ಮಾತು ಮಾತ್ರ ಇನ್ನೂ ಅಷ್ಟಾಗಿ ಕೇಳಿಸಿಲ್ಲ. ಹೊಸ ನಕ್ಷೆ ಬರೆಯುವ ಹೊತ್ತಿಗೆ ಜಿಲ್ಲೆಯ ಐದು ವಿಧಾನಸಭಾ ಸ್ಥಾನಗಳಲ್ಲಿ ಎಷ್ಟು ಉಳಿದಿರುತ್ತವೆ ಎಂಬುದರ ಮೇಲೆ, ಚಿಕ್ಕಮಗಳೂರು ಮತ್ತೆ ಯಾವ ಹೆಸರಿನ ಪಕ್ಕ ನಿಲ್ಲಬೇಕು ಎಂಬುದು ತೀರ್ಮಾನವಾಗಲಿದೆ.